ದಳ್ಳಾಳಿ ಪೆಟ್ಟಿಗೆ

ಜೂನ್ ೩, ಸೋಮವಾರ

ನಮ್ಮ ಬೀದಿಯ ಓದುವ ಕೋಣೆಗೆ ಎಂಟು ಕಂಪ್ಯೂಟರು ಬಂದು ಕೂತಿವೆ. ಯಾವುದೋ ಆಫೀಸು ಬಾಗಿಲು ಮುಚ್ಚುವಾಗ ಸುಮ್ಮನೆ ಕೊಟ್ಟದ್ದು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಹಾಗಾಗಬಾರದು. ಆದರೂ ಇಲ್ಲಿ ಬರೆದುಕೊಳ್ಳಲು ಯಾರ ಅಂಜಿಕೆ? ಎಲ್ಲವೂ ಮುದಿ ಡೆಸ್ಕ್‌ಟಾಪುಗಳು. ಏಳುವಾಗ ಒಂದೊಂದೂ ನನ್ನ ಮಂಡಿಯ ಹಾಗೆ ಸದ್ದು ಮಾಡುತ್ತದೆ.

ಕಷ್ಟ ಅದಲ್ಲ. ಕೋಣೆಗಿರುವುದು ಒಂದೇ ಇಂಟರ್‌ನೆಟ್ ಲೈನು, ಅದೂ ಸಣಕಲು. ಎಂಟೂ ಒಟ್ಟಿಗೆ ಶುರುವಾದರೆ ಒಂದು ಪುಟ ತೆರೆಯುವಷ್ಟರಲ್ಲಿ ಕೋಣೆಯ ಅಧ್ಯಕ್ಷರು, ಎಲ್ಲರ ಬಾಯಲ್ಲಿ ಪೇಪರ್ ಮೇಷ್ಟ್ರು, ಇಡೀ ಪೇಪರ್ ಓದಿ ಮಡಿಸಿಡುತ್ತಾರೆ. "ಅಕ್ಕಾ, ಒಂದು ಲೋಟಕ್ಕೆ ಎಂಟು ಜನ ಬಾಯಿ ಹಾಕಿದ ಹಾಗಾಯ್ತಲ್ಲ. ನೀವು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದವರು. ಏನಾದರೂ ಮಾಡಿ" ಎಂದರು.

ಎಕ್ಸ್‌ಚೇಂಜಿಗೂ ಇದಕ್ಕೂ ಏನು ಸಂಬಂಧ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಓದಿ ನೋಡಿದೆ. ಪ್ರಾಕ್ಸಿ ಅನ್ನುವ ಒಂದು ಸಾಫ್ಟ್‌ವೇರ್ ಇದೆ. ಎಂಟರಲ್ಲಿ ಗಟ್ಟಿಯಾದ ಒಂದು ಕಂಪ್ಯೂಟರಿಗೆ ಅದನ್ನು ಹಾಕಿ ನಡುವೆ ಕೂರಿಸಬೇಕು. ಉಳಿದ ಏಳೂ ಹೊರಗೆ ಹೋಗುವ ಹಾಗಿಲ್ಲ, ಇದನ್ನೇ ಕೇಳಬೇಕು. ಇದು ಹೋಗಿ ತಂದುಕೊಡುತ್ತದೆ, ತಂದದ್ದರ ಒಂದು ನಕಲನ್ನು ಇಟ್ಟುಕೊಳ್ಳುತ್ತದೆ. ಅದೇ ಪುಟವನ್ನು ಇನ್ನೊಬ್ಬರು ಕೇಳಿದರೆ ಹೊರಗೆ ಹೋಗದೆ ನಕಲನ್ನೇ ಕೊಡುತ್ತದೆ. ವಿಳಾಸದ ಪಕ್ಕ ಬೀಗದ ಚಿತ್ರವಿರುವ ಪುಟಗಳನ್ನು ನಕಲು ಮಾಡಲಾರದು. ಬೀಗವಿಲ್ಲದ ಹಳೇ ಕಾಲದ ಪುಟಗಳಿಗೆ ಮಾತ್ರ ಇದು. ನಮ್ಮ ಕೋಣೆಯವರು ನೋಡುವುದು ಹೆಚ್ಚಾಗಿ ಅವನ್ನೇ.

"ಅಂದರೆ ದಳ್ಳಾಳಿ ಅನ್ನಿ" ಅಂದರು ಮೇಷ್ಟ್ರು. ಹೆಸರು ಅಲ್ಲೇ ಅಂಟಿಕೊಂಡಿತು.

ಸಂಜೆ ತಂಗಿ ಫೋನ್ ಮಾಡಿದಳು. ಗಂಟಲಿನ ಗಂಟನ್ನು ತೆಗೆಯಲೇಬೇಕಂತೆ. ಇಪ್ಪತ್ತೇಳಕ್ಕೆ ಆಪರೇಷನ್. ಜೀವಕ್ಕೇನೂ ಭಯವಿಲ್ಲ, ದನಿ ಉಳಿಯುತ್ತದೆ ಅಂತ ಮಾತ್ರ ಹೇಳಲಾರೆ ಅಂದರಂತೆ ಡಾಕ್ಟರು. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಕೂಗಿ ಕೂಗಿ ಪೆನ್ಷನ್ ತಗೊಂಡವಳು. ಅವಳ ದನಿ ಕೇಳಿ ಓಡಿ ಹೋಗಿ ಬಸ್ ಹತ್ತದವರು ಈ ಊರಲ್ಲಿ ಯಾರಿದ್ದಾರೆ?

"ಅಕ್ಕಾ, ದನಿ ಹೋಗೋದರೊಳಗೆ ಅಣ್ಣನ ಹತ್ತಿರ ಒಂದು ಸಲ ಮಾತಾಡಬೇಕು. ಈ ದನಿಯಲ್ಲೇ" ಅಂದಳು. "ಅವನು ಈಗ ಹೇಗಿದ್ದಾನೆ ನನ್ನ ಮೇಲೆ?"

"ಅವನು ಇದ್ದ ಹಾಗೇ ಇದ್ದಾನೆ ಕಣೆ. ತಡಿ, ಸಮಯ ನೋಡಿ ಹೇಳ್ತೀನಿ."

"ಆಪರೇಷನ್ ವಿಷಯ ಹೇಳಬೇಡ. ಅಯ್ಯೋ ಪಾಪ ಅಂತ ಮಾತಾಡೋದು ನನಗೆ ಬೇಡ."

ಅಣ್ಣ ಇರುವುದು ನನ್ನ ಮನೆಯ ಮಹಡಿ ಮೇಲೆ. ನಡುವೆ ಮೆಟ್ಟಿಲು ಮಾತ್ರ. ಅಮ್ಮನಿಗೆ ಆಪರೇಷನ್ ಆದಾಗ ತಂಗಿ ಬರುವವರೆಗೂ ಕಾಯದೆ ಅಣ್ಣ ಒಪ್ಪಿಗೆ ಕಾಗದಕ್ಕೆ ರುಜು ಹಾಕಿದ. ಅಮ್ಮ ಮತ್ತೆ ಕಣ್ಣು ಬಿಡಲಿಲ್ಲ. "ಅಮ್ಮನ ಜೊತೆ ಒಂದು ಮಾತೂ ಆಡಿಸದೆ ಕಳಿಸಿಬಿಟ್ಟೆಯಲ್ಲೋ" ಅಂದಳು ಇವಳು. "ಇನ್ನು ಮುಖ ತೋರಿಸಬೇಡ" ಅಂದ ಅವನು. ಅಂದಿನಿಂದ ಇಬ್ಬರಿಗೂ ನಾನೇ ಬಾಯಿ, ನಾನೇ ಕಿವಿ. ನಡುವೆ ಹುಟ್ಟಿದವಳ ಹಣೆಬರಹ.

ಜೂನ್ ೫, ಬುಧವಾರ

ದಳ್ಳಾಳಿಯನ್ನು ಬಿಚ್ಚಿದೆ. ಒಳಗೆ ಹಾಸಿಗೆ ಹೊಲಿಸುವಷ್ಟು ಧೂಳು! ಫ್ಯಾನಿಗೆ ಪಕ್ಕದ ಟೈಲರಮ್ಮನ ಅಂಗಡಿಯ ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು. ರ‍್ಯಾಮ್ ಸಾಲದೆ, ಎಂಟರಲ್ಲಿ ಏಳೇ ಸಾಕು ಅಂತ, ಉಸಿರೇ ಇಲ್ಲದ ಒಂದರಿಂದ ಕಿತ್ತು ಇದಕ್ಕೆ ಹಾಕಿದೆ. ಒಬ್ಬರ ಕಣ್ಣು ಇನ್ನೊಬ್ಬರಿಗೆ ಹಾಕಿದ ಹಾಗೆ.

ಆಮೇಲೆ ಇನ್ನೊಂದು ತಮಾಷೆ. ಸ್ವಿಚ್ ಆರಿಸಿ ಹಾಕಿದಾಗಲೆಲ್ಲ ಈ ಪೆಟ್ಟಿಗೆಯ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದರೆ ಬೀಗದ ಪುಟಗಳು ಬಾಗಿಲೇ ತೆರೆಯುವುದಿಲ್ಲ. ಒಳಗೊಂದು ಬಿಲ್ಲೆಯಂಥ ಸೆಲ್ ಇರುತ್ತದೆ, ಅದು ಸತ್ತಿದೆ. ಗಡಿಯಾರ ರಿಪೇರಿಯವನ ಹತ್ತಿರ ಹೊಸದು ತಂದು ಹಾಕಿದೆ. "ಯಾವ ವಾಚಿಗೆ ಅಮ್ಮಾ?" ಅಂದ. "ಮೂರು ಜನ ಹೊರೋ ವಾಚಿಗಪ್ಪಾ" ಅಂದೆ.

ಜೂನ್ ೭, ಶುಕ್ರವಾರ

ಇಡೀ ದಿನ ಮಣ್ಣು ತಿಂದೆ. ಸಾಫ್ಟ್‌ವೇರ್ ಹತ್ತಿಕೊಂಡಿದೆ, ಆದರೆ ಮಿಕ್ಕವು ಅದನ್ನು ಕಂಡು ಮುಖ ತಿರುಗಿಸುತ್ತವೆ. ಕೊನೆಗೆ ನೋಡಿದರೆ ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ದಳ್ಳಾಳಿಯ ವಿಳಾಸ ಸರಿ ಇದೆ, ಅದರ ಮುಂದಿನ ಪೋರ್ಟ್ ನಂಬರಿನಲ್ಲಿ ಎರಡು ಅಂಕಿ ಅದಲು ಬದಲು. ಮನೆ ಸರಿ, ಬಾಗಿಲು ತಪ್ಪು. ಎಲ್ಲದರಲ್ಲೂ ಅದೇ ತಪ್ಪನ್ನು ಶ್ರದ್ಧೆಯಿಂದ ಮಾಡಿದ್ದೇನೆ.

ಊಟಕ್ಕೆ ಕೂತಾಗ ಅಣ್ಣ ಕೇಳಿದ, "ಫೋನ್ ಮಾಡಿದ್ದಳಾ?"

"ಹೂಂ."

"ಏನಂತೆ?"

"ಮಾಮೂಲಿ."

ತಟ್ಟೆಯಲ್ಲೇ ಬೆರಳಾಡಿಸಿದ. "ನನ್ನ ವಿಚಾರ ಏನಾದರೂ?"

"ನಿನಗೆ ಗೊತ್ತಲ್ಲ ಅವಳ ಸ್ವಭಾವ. ನಿನ್ನ ಮಾತೆತ್ತಿದರೆ ಫೋನ್ ಇಟ್ಟುಬಿಡ್ತಾಳೆ."

ಹಾಗೆ ಅನ್ನದಿದ್ದರೆ ಅವನು ಇನ್ನೂ ಕೆದಕುತ್ತಾನೆ, ಆಪರೇಷನ್ ಬಾಯಿಗೆ ಬಂದುಬಿಡುತ್ತದೆ. ಇಬ್ಬರನ್ನೂ ಎರಡು ಕೈಯಲ್ಲಿ ತುಂಬಿದ ಪಾತ್ರೆಯ ಹಾಗೆ ಹಿಡಿದಿದ್ದೇನೆ. ಚೆಲ್ಲಬಾರದು.

ಜೂನ್ ೧೦, ಸೋಮವಾರ

ಬಂತು! ಎಲ್ಲವೂ ಬಂದವು! ಪುಟ ಒತ್ತಿದರೆ ರೆಪ್ಪೆ ಬಡಿಯುವುದರೊಳಗೆ ಎದುರಿಗಿದೆ. ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಬಂದು ನೋಡಿ, "ಅಕ್ಕಾ, ನೀವು ಗಂಡಸಾಗಿ ಹುಟ್ಟಿದ್ದರೆ ಊರು ಹಾಳು ಮಾಡ್ತಿದ್ರಿ" ಅಂದಳು. ಹೊಗಳಿಕೆ ಅಂತಲೇ ತಗೊಂಡೆ.

ಇನ್ನೂ ಚುರುಕಾಗಲಿ ಅಂತ ಸೆಟ್ಟಿಂಗಿನಲ್ಲಿ ಕೈಯಾಡಿಸಿದೆ. ನಕಲನ್ನು ಎಷ್ಟು ಕಾಲ, ಮೂಲದವರನ್ನು ಕೇಳದೆಯೇ ಕೊಡುತ್ತಿರಬಹುದು ಅನ್ನುವುದಕ್ಕೆ ಒಂದು ಜಾಗವಿದೆ. ಅದರಲ್ಲಿ ಕೆಲವೇ ನಿಮಿಷ ಅಂತ ಇತ್ತು. ನಾನು ಒಂದು ವಾರ ಅಂತ ಹಾಕಿದೆ. ಸುಮ್ಮಸುಮ್ಮನೆ ಪ್ರತಿ ಸಲ ಹೋಗಿ ಬಾಗಿಲು ತಟ್ಟುವುದು ಯಾಕೆ? ಗೊತ್ತಿರುವುದನ್ನು ಮತ್ತೆ ಮತ್ತೆ ಕೇಳಿದರೆ ಯಾರಿಗೂ ಬೇಜಾರೇ.

ಜೂನ್ ೧೩, ಗುರುವಾರ

ತಂಗಿಯ ದನಿ ಮರಳುಕಾಗದ ಉಜ್ಜಿದ ಹಾಗಾಗಿದೆ. ಅದರಲ್ಲೂ ತಮಾಷೆ ಬಿಡುವುದಿಲ್ಲ. "ಪ್ರಯಾಣಿಕರ ಗಮನಕ್ಕೆ, ನಿಮ್ಮ ತಂಗಿ ಪ್ಲಾಟ್‌ಫಾರಂ ಬಿಡೋಕೆ ಎರಡು ವಾರ ಇದೆ" ಅಂತ ಕೂಗಿ ಕೆಮ್ಮಿದಳು. ಆಮೇಲೆ ಮೆಲ್ಲಗೆ, "ಕೇಳಿದೆಯಾ ಅವನನ್ನ?"

"ಬದಲಾಗಿಲ್ಲ ಕಣೆ ಅವನು."

"ಮೊನ್ನೆ ಕೇಳಿದ್ದಾ, ಇವತ್ತಾ?"

"ಯಾವಾಗ ಕೇಳಿದರೇನು. ನನಗೆ ಗೊತ್ತಿಲ್ವಾ ಅವನು?"

"ನಾನಾಗಿಯೇ ಫೋನ್ ಮಾಡಿಬಿಡಲಾ ಅನ್ನಿಸುತ್ತೆ ಅಕ್ಕಾ. ಆದರೆ ಅವನು ‘ಯಾರು?’ ಅಂತ ಕೇಳಿ ಇಟ್ಟುಬಿಟ್ಟರೆ, ಅದನ್ನು ಮನಸ್ಸಲ್ಲಿ ಇಟ್ಟುಕೊಂಡು ಆಪರೇಷನ್ ಮೇಜಿನ ಮೇಲೆ ಮಲಗೋಕಾಗಲ್ಲ."

"ಬೇಡ, ದುಡುಕಬೇಡ. ನಾನಿದ್ದೀನಲ್ಲ."

ಫೋನ್ ಇಟ್ಟ ಮೇಲೆ ಮಹಡಿ ಹತ್ತೋಣ ಅಂತ ಎರಡು ಮೆಟ್ಟಿಲು ಏರಿದೆ. ಏನು ಕೇಳುವುದು, ಏನು ಹೇಳುತ್ತಾನೆ ಅನ್ನುವುದು ಬಾಯಿಪಾಠ ಇದೆ. ಇಳಿದು ಬಂದೆ. ಮಂಡಿಯೂ ನೋಯುತ್ತಿತ್ತು.

ಜೂನ್ ೧೭, ಸೋಮವಾರ

ಇವತ್ತಿನದನ್ನು ಬರೆಯಲು ಕೈಯೇ ಬರುತ್ತಿಲ್ಲ.

ಶುಕ್ರವಾರದಿಂದ ನಮ್ಮ ಬೀದಿಯ ಪೈಪು ರಿಪೇರಿ ನಡೆದಿರುವುದರಿಂದ ನೀರು ಯಾವ ದಿನ ಬರುತ್ತದೆ ಅನ್ನುವುದಕ್ಕೆ ಲೆಕ್ಕವಿಲ್ಲ. ನೀರಿನ ಆಫೀಸಿನವರು ದಿನಾ ಬೆಳಗ್ಗೆ ತಮ್ಮ ಪುಟದಲ್ಲಿ ಹಾಕುತ್ತಾರೆ. ಹಳೇ ಪುಟ, ಬೀಗವಿಲ್ಲ, ತಾರೀಖು ಹಾಕುವ ಅಭ್ಯಾಸವೂ ಇಲ್ಲ. "ಇಂದು ನೀರಿಲ್ಲ" ಅಂತಲೋ "ಇಂದು ನೀರು ಬಿಡಲಾಗುವುದು" ಅಂತಲೋ ಇರುತ್ತದೆ, ಅಷ್ಟೆ. ಬಿಟ್ಟ ಹೊತ್ತಿಗೆ ಮೋಟಾರು ಹಾಕಿದವರಿಗೆ ಉಂಟು, ಇಲ್ಲದವರಿಗೆ ಇಲ್ಲ.

ಬೆಳಗ್ಗೆ ಟೈಲರಮ್ಮ ಕೋಣೆಗೆ ಬಂದು ನೋಡಿದಳು. ಇಂದು ನೀರಿಲ್ಲ. ಬೀದಿಗೆಲ್ಲ ಹೇಳಿಕೊಂಡು ಹೋದಳು. ಯಾರೂ ಮೋಟಾರು ಹಾಕಲಿಲ್ಲ. ಮಧ್ಯಾಹ್ನ ಹಿಂದಿನ ಬೀದಿಯಲ್ಲಿ ತೊಟ್ಟಿ ತುಂಬಿ ಹರಿದು ನಮ್ಮ ಚರಂಡಿಗೆ ಬಂದಾಗ ಗೊತ್ತಾಯಿತು, ನೀರು ಬಂದು ಹೋಗಿ ಆಗಿದೆ ಅಂತ. ನಾವು ನೋಡಿದ್ದು ಶುಕ್ರವಾರದ ಪುಟ!

ಬೀದಿಗೆ ಬೀದಿಯೇ ಖಾಲಿ ಬಕೆಟ್ಟು ಹಿಡಿದು ಕೋಣೆಯ ಬಾಗಿಲಿಗೆ ಬಂತು. ಒಬ್ಬಾಕೆ, "ಕಂಪ್ಯೂಟರಿನಲ್ಲೇ ಪಾತ್ರೆ ತೊಳೀತೀವಿ ಕೊಡಿ" ಅಂದಳು. ಟೈಲರಮ್ಮ ಮಾತ್ರ ಕೂಗಲಿಲ್ಲ. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾರೆ, ನೀರಿಲ್ಲದಿದ್ದರೆ ಏನಾಗುತ್ತದೆ ಅಂತ ಬರೆಯಬೇಕಾಗಿಲ್ಲ. ಮೆಲ್ಲಗೆ ಹೇಳಿದಳು: "ಅಕ್ಕಾ, ಪೆಟ್ಟಿಗೆ ಗೊತ್ತಿಲ್ಲ ಅಂದಿದ್ದರೆ ನಾನೇ ಹೋಗಿ ನೀರಿನವರನ್ನು ಕೇಳ್ತಿದ್ದೆ. ಗೊತ್ತು ಅಂತ ಹೇಳಿತಲ್ಲ, ಅದಕ್ಕೆ ಸುಮ್ಮನಾದೆ."

ನನ್ನ ಮನೆಯ ತೊಟ್ಟಿಯಲ್ಲಿ ಇದ್ದದ್ದರಲ್ಲಿ ಅರ್ಧ ಅವಳಿಗೆ ಕೊಟ್ಟೆ. ಅಣ್ಣನೇ ಹೊತ್ತುಕೊಂಡು ಹೋಗಿ ಇಟ್ಟು ಬಂದ.

ಜೂನ್ ೧೮, ಮಂಗಳವಾರ

ಮೊದಲು ಆ ಸೆಲ್ಲಿನ ಮೇಲೆ ಗೂಬೆ ಕೂರಿಸಿದೆ. ಗಡಿಯಾರ ಮತ್ತೆ ಹಿಂದಕ್ಕೆ ಹೋಗಿರಬೇಕು ಅಂತ. ನೋಡಿದರೆ ಗಡಿಯಾರ ನಿಮಿಷವೂ ತಪ್ಪಿಲ್ಲ. ತಪ್ಪಿದ್ದು ನಾನು ಹಾಕಿದ ಆ ಒಂದು ವಾರ. ದಳ್ಳಾಳಿ ಪಾಪ, ಹೇಳಿದ್ದನ್ನು ಮಾಡಿದೆ. ಶುಕ್ರವಾರ ಒಂದು ಸಲ ಕೇಳಿ ಬಂದು, ಆಮೇಲೆ ಅದನ್ನೇ ಇವತ್ತಿನದು ಅಂತ ಎಲ್ಲರಿಗೂ ಹಂಚುತ್ತಾ ಕೂತಿದೆ, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ.

ಮೇಷ್ಟ್ರು ಬೈಯಲಿಲ್ಲ. "ನಿಧಾನವಾಗಿಯಾದರೂ ಬರಲಿ ಅಕ್ಕಾ, ಇವತ್ತಿನದು ಬರಲಿ" ಅಂದರು.

ಬದಲಾಯಿಸಿದೆ. ನಕಲು ಇದ್ದರೂ ಪ್ರತಿ ಸಲ ಮೂಲದವರನ್ನು ಕೇಳಬೇಕು: ಇದು ಈಗಲೂ ಹೀಗೇನಾ? ಹೌದು ಅಂದರೆ ಮಾತ್ರ ಕೊಡಬೇಕು. ಚುರುಕು ಹೋಯಿತು. ಪುಟ ಮತ್ತೆ ಆಕಳಿಸಿಕೊಂಡು ತೆರೆಯುತ್ತದೆ.

ಜೂನ್ ೧೯, ಬುಧವಾರ

ಅಣ್ಣ "ಅವಳ ಮಾತೆತ್ತಬೇಡ" ಅಂದದ್ದು ಕೊನೆಯ ಸಲ ಯಾವಾಗ ಅಂತ ನೆನಪು ಮಾಡಿಕೊಳ್ಳುತ್ತಿದ್ದೆ. ಆಗ ಹಜಾರಕ್ಕೆ ನೀಲಿ ಪರದೆ ಇತ್ತು. ಆ ಪರದೆ ಹರಿದು, ಅದರ ಚೂರುಗಳಿಂದ ಧೂಳು ಒರೆಸಿ, ಆ ಚೂರುಗಳೂ ಮುಗಿದಿವೆ.



ಜೂನ್ ೨೦, ಗುರುವಾರ

ಬೆಳಗ್ಗೆ ಮಹಡಿ ಹತ್ತಿದೆ. ಅಣ್ಣ ಕಿಟಕಿಯ ಹತ್ತಿರ ಕೂತು ಕನ್ನಡಕದ ತಿರುಪು ಬಿಗಿಮಾಡುತ್ತಿದ್ದ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಜೋಡಿಸಿ ಇನ್ನೂ ಸಣ್ಣ ಕೆಲಸಕ್ಕೆ ಕೈ ನಡುಗುವುದಿಲ್ಲ.

"ಏನೇ, ಮಂಡಿ ನೋವು ಅಂತ ಕೆಳಗಿಂದಲೇ ಕೂಗೋಳು ಹತ್ತಿ ಬಂದೆ?"

"ಒಂದು ಕೇಳಬೇಕಿತ್ತು. ತಂಗಿ ಮೇಲೆ ನಿನಗೆ ಇನ್ನೂ ಕೋಪ ಇದೆಯಾ?"

ತಿರುಪು ಬೆರಳಿಂದ ಜಾರಿತು. ಇಬ್ಬರೂ ನೆಲದ ಮೇಲೆ ಹುಡುಕಿದೆವು. ಹುಡುಕುತ್ತಲೇ ಅಂದ, "ಈಗ ಯಾಕೆ?"

"ಕೇಳಿದೆ ಅಷ್ಟೆ."

"ಇಷ್ಟು ವರ್ಷ ಕೇಳಿರಲಿಲ್ಲ."

"ಕೇಳಿದೀನಿ."

"ಇಲ್ಲ ತಾಯಿ. ನೀನು ಹೇಳಿದೀಯ. ಅವಳು ನನ್ನ ಹೆಸರು ಕೇಳಿದರೆ ಫೋನ್ ಇಡ್ತಾಳೆ ಅಂತ. ಹೋದ ವಾರವೂ ಹೇಳಿದೆ."

"ಅದು ಹಳೇದು ಅಣ್ಣಾ. ಅವಳು ಫೋನ್ ಇಟ್ಟದ್ದು ಆವಾಗ."

"ಹಳೇದು ಅಂತ ಯಾಕೆ ಹೇಳಲಿಲ್ಲ?"

ತಿರುಪು ಸಿಕ್ಕಿತು, ಅವನ ಕಾಲಿನ ಕೆಳಗೇ ಇತ್ತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತ.

"ಕೋಪ ಇಲ್ಲ ಅಂತಲ್ಲ. ಇದೆ. ಅವಳು ಅಂದ ಮಾತು ಮರೆಯೋಂಥದ್ದಲ್ಲ. ಡಾಕ್ಟರು ಇನ್ನು ತಡ ಮಾಡೋ ಹಾಗಿಲ್ಲ ಅಂದಾಗ ನಾನೊಬ್ಬನೇ ನಿಂತಿದ್ದೆ ಅಲ್ಲಿ, ಅದು ಅವಳಿಗೆ ಗೊತ್ತಿಲ್ಲ. ಆದರೆ ಕೋಪಕ್ಕೂ ಮಾತಾಡೋದಕ್ಕೂ ಏನೇ ಸಂಬಂಧ? ಕೋಪ ಇದ್ದರೆ ಮಾತಾಡಬಾರದಾ?"

ಆಪರೇಷನ್ ವಿಷಯ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಅವನು ಕರಗುತ್ತಾನೆ. ಹೇಗೆ ಹೇಳಬೇಕು, ಎಷ್ಟು ಹೇಳಬೇಕು ಅಂತಲೂ ಮನಸ್ಸು ಆಗಲೇ ಹೊಂದಿಸುತ್ತಿತ್ತು. ನುಂಗಿಕೊಂಡೆ. "ಅವಳಿಗೆ ನಿನ್ನ ಹತ್ತಿರ ಏನೋ ಮಾತಾಡಬೇಕಂತೆ. ಏನು ಅಂತ ಅವಳೇ ಹೇಳ್ತಾಳೆ" ಅಂದು ಫೋನ್ ಹಚ್ಚಿ ಅವನ ಕೈಗೆ ಕೊಟ್ಟೆ.

"ಅಕ್ಕಾ?" ಅಂದಳು ಆ ಕಡೆಯಿಂದ.

"ಅಕ್ಕ ಅಲ್ಲ. ನಾನು ಕಣೆ."

ಮರಳುಕಾಗದದ ದನಿಯಲ್ಲಿ "ಅಣ್ಣಾ" ಅಂದಳು.

ಅಣ್ಣ ನೆಟ್ಟಗಾದ. "ಏಯ್, ಗಂಟಲಿಗೇನಾಗಿದೆ ನಿನಗೆ?"

ನಾನು ಕೆಳಗಿಳಿದು ಬಂದೆ. ಒಲೆ ಒರೆಸಿದೆ. ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ. ಮೇಲೆ ಬಹಳ ಹೊತ್ತು ಗುಸುಗುಸು. ಆಮೇಲೆ ಅಣ್ಣನ ದನಿ ಏರಿತು: "ಕಾಯೋಕೆ ಆಗಿದ್ದರೆ ಕಾಯ್ತಿರಲಿಲ್ವೇನೇ? ನನಗೇನು ಅವಳು ಅಮ್ಮ ಅಲ್ವಾ?" ಜಗಳ! ನನ್ನ ಕಾಲು ತಾನಾಗಿ ಮೆಟ್ಟಿಲ ಕಡೆ ಹೋಯಿತು. ಹೋಗಿ ಫೋನ್ ಇಸಕೊಂಡು, ಅವನು ಹಾಗಂದದ್ದಲ್ಲ ಹೀಗಂದದ್ದು, ಅವಳು ಹೀಗಂದದ್ದಲ್ಲ ಹಾಗಂದದ್ದು ಅಂತ ಸರಿಮಾಡಬೇಕಲ್ಲ. ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅರ್ಧ ಮಾತು ಕೇಳಿಸಲಿಲ್ಲ. ಕಿವಿ ಕೊಟ್ಟಿದ್ದರೆ ಕೇಳಿಸುತ್ತಿತ್ತೇನೋ.

ಜೂನ್ ೨೨, ಶನಿವಾರ

ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಬ್ಬನೇ ಅವಳ ಮನೆಗೆ ಹೋದ. "ನಾನೂ ಬರಲಾ?" ಅಂದೆ. "ಯಾಕೆ, ನನಗೆ ದಾರಿ ಗೊತ್ತಿಲ್ವಾ?" ಅಂದ. ಕತ್ತಲಾಗುವ ಹೊತ್ತಿಗೆ ಬಂದ. ಕಣ್ಣು ಊದಿತ್ತು.

"ಏನಂದಳು?" ಅಂತ ಕೇಳಿದೆ.

"ಬೇಕಾದರೆ ಅವಳನ್ನೇ ಕೇಳು."

ನನಗೆ ಸ್ವಲ್ಪ ಮುನಿಸು ಬಂತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಇಬ್ಬರ ಮಾತನ್ನೂ ಹೊತ್ತವಳು ನಾನು. ಈಗ ಕೈ ಬೀಸಿಕೊಂಡು ನಿಂತರೆ ಕೈಗಳನ್ನು ಎಲ್ಲಿಡಬೇಕು ಅಂತಲೇ ತಿಳಿಯುವುದಿಲ್ಲ.

ಜೂನ್ ೨೭, ಗುರುವಾರ

ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ತಂಗಿ ಅಣ್ಣನಿಗೆ ಏನೋ ಹೇಳಿದಳು, ಅವನು ಬಗ್ಗಿ ಕೇಳಿಸಿಕೊಂಡ. ನನಗೂ ಹೇಳಿದಳು. ಬರೆಯುವುದಿಲ್ಲ.

ಆಪರೇಷನ್ ಆಯಿತು. ಜೀವಕ್ಕೆ ಯೋಚನೆಯಿಲ್ಲ.

ಜುಲೈ ೨, ಮಂಗಳವಾರ

ತಂಗಿಯ ದನಿ ಹೋಗಿದೆ. ತಿರುಗಿ ಬರುವುದು ಕಷ್ಟ ಅಂದರು ಡಾಕ್ಟರು.

ಬೆಳಗ್ಗೆ ಕೋಣೆಗೆ ಹೋಗಿದ್ದೆ. ಪುಟ ಏಳುವವರೆಗೆ ಎಲ್ಲರೂ ಒಬ್ಬರಿಗೊಬ್ಬರು ಹರಟೆ ಹೊಡೆಯುವುದನ್ನು ಕಲಿತಿದ್ದಾರೆ. ಟೈಲರಮ್ಮ ನೀರಿನ ಪುಟ ನೋಡಿ, ಆಮೇಲೆ ನಂಬಿಕೆ ಸಾಲದೆ ಹೊರಗೆ ಹೋಗಿ ನಲ್ಲಿಯನ್ನೂ ತಿರುಗಿಸಿ ನೋಡಿದಳು. ತಪ್ಪೇನಿಲ್ಲ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಅಣ್ಣ ಆಗಲೇ ಅವಳ ಮಂಚದ ಅಂಚಿನಲ್ಲಿ ಕೂತಿದ್ದ. ಅವಳ ಗಂಟಲಿಗೆ ಪಟ್ಟಿ, ಬರೆಯಲು ಆಗದ ಹಾಗೆ ಬಲಗೈಗೆ ಸೂಜಿ. ಎಡಗೈಯಲ್ಲಿ ಏನೋ ತೋರಿಸುತ್ತಿದ್ದಳು, ಅವನ ಕಡೆ ಬೆರಳು ಮಾಡಿ, ಕೈ ಬೀಸಿ.

"ನೀರಾ?" ಅಂದ ಅಣ್ಣ. ಅವಳು ತಲೆಯಾಡಿಸಿದಳು, ಅಲ್ಲ.

"ಕಿಟಕಿ ಹಾಕಲಾ?" ಅಲ್ಲ.

"ನಾನು ಹೋಗಲಾ?" ಅಂದ. ಅಷ್ಟು ಕೇಳುವಾಗ ಅವನ ಮುಖ ನೋಡಬೇಕಿತ್ತು. ಅವಳು ಹಣೆ ಚಚ್ಚಿಕೊಂಡಳು.

ನನಗೆ ಬಾಗಿಲಲ್ಲಿ ನಿಂತಾಗಲೇ ಗೊತ್ತಾಗಿತ್ತು. ಅವಳ ಹೊದಿಕೆ ಅವನ ಕೆಳಗೆ ಸಿಕ್ಕಿಕೊಂಡಿತ್ತು, ಚಳಿಗೆ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಅವಳು ನನ್ನ ಕಡೆಯೂ ಒಂದು ಸಲ ನೋಡಿದಳು. ಬಾಯಿ ತೆರೆದೆ. ಯಾಕೋ ಹೇಳಬೇಕು ಅನ್ನಿಸಲಿಲ್ಲ. ಚೀಲದಲ್ಲಿ ಏನೋ ಹುಡುಕುವವಳ ಹಾಗೆ ತಲೆ ಬಗ್ಗಿಸಿದೆ.

"ದಿಂಬು? ನರ್ಸನ್ನ ಕರೀಲಾ? ಸರಿ ಕಣೆ, ನನಗೇನು ಅವಸರ ಇಲ್ಲ. ಮೊದಲಿಂದ ತೋರಿಸು."

ಅವಳು ಮೊದಲಿಂದ ತೋರಿಸಿದಳು. ಅವನು ತನ್ನ ಎದೆ ಮುಟ್ಟಿಕೊಂಡು, ಮಂಚ ಮುಟ್ಟಿ, ಆಮೇಲೆ ಕೆಳಗೆ ನೋಡಿದ.

"ಅಯ್ಯೋ ನಿನ್ನ! ಹೊದಿಕೆ ಮೇಲೆ ಕೂತಿದೀನಾ?"

ಅವಳ ಹೆಗಲೆರಡೂ ಕುಣಿದವು. ಸದ್ದಿಲ್ಲ, ಆದರೆ ನಗು ಅದೇ. ಅಣ್ಣ ಎದ್ದು, ಹೊದಿಕೆಯನ್ನು ಅವಳ ಗಲ್ಲದವರೆಗೂ ಎಳೆದು, ಮತ್ತೆ ಅಲ್ಲೇ ಕೂತ.